ಸೀಸನ್ ಟಿಕೆಟ್, ಮ್ಯಾಚ್ ಟಿಕೆಟ್, ಬ್ಲ್ಯಾಕ್ ಟಿಕೆಟ್: ಚಿನ್ನಸ್ವಾಮಿಗೆ ಹೊರಡುವ ಮುನ್ನ ತುಮಕೂರಿನವರು ಹಾಕಬೇಕಾದ ಲೆಕ್ಕ

ತುಮಕೂರು: ನಮ್ಮ ಕಡೆ 'ಸೀಸನ್ ಟಿಕೆಟ್' ಅಂದ್ರೆ ರೈಲ್ವೆ ಪಾಸು. ಬೆಳಗ್ಗೆ ಬೆಂಗಳೂರಿಗೆ ಹೋಗಿ ಸಂಜೆ ವಾಪಸ್ ಬರುವ ನೌಕರರು, ಕಾಲೇಜು ಹುಡುಗರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಎಲ್ಲರ ಪರ್ಸಿನಲ್ಲೂ ಇರುವ ತಿಂಗಳ ಪಾಸು. ಆದರೆ ಕ್ರೀಡಾ ಜಗತ್ತಿನಲ್ಲಿ ಇದೇ ಪದಕ್ಕೆ ಬೇರೆ ಅರ್ಥವಿದೆ. ಒಂದು ತಂಡದ ತವರು ಪಂದ್ಯಗಳಿಗೆಲ್ಲಾ ಒಟ್ಟಿಗೆ ದುಡ್ಡು ಕಟ್ಟಿ, ಇಡೀ ಋತುವಿಗೆ ಒಂದು ಸೀಟು ಹಿಡಿದಿಟ್ಟುಕೊಳ್ಳುವುದು ಅಲ್ಲಿ ಸೀಸನ್ ಟಿಕೆಟ್.

ಎರಡಕ್ಕೂ ಹೆಸರು ಒಂದೇ ಆದರೂ ನಡೆಯುವ ರೀತಿ ತದ್ವಿರುದ್ಧ. ರೈಲ್ವೆ ಪಾಸಿನ ದರ ಸರ್ಕಾರದ ಕೈಯಲ್ಲಿದೆ. 2025ರ ಜುಲೈ 1ರಿಂದ ಪ್ರಯಾಣ ದರ ಹೆಚ್ಚಿಸಿದಾಗಲೂ ಸೀಸನ್ ಟಿಕೆಟ್ ದರ ಮುಟ್ಟಲಿಲ್ಲ. ನಿಮ್ಮ ಪಾಸನ್ನು ಇನ್ನೊಬ್ಬರಿಗೆ ಕೊಟ್ಟು ಪ್ರಯಾಣ ಮಾಡಿಸಿದರೆ 1989ರ ರೈಲ್ವೆ ಕಾಯ್ದೆಯ 142ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಟಿಕೆಟ್ ದಂಧೆ ಮಾಡುವ ದಲ್ಲಾಳಿಗಳಿಗೆ 143ನೇ ಸೆಕ್ಷನ್‌ನಲ್ಲಿ 3 ವರ್ಷದವರೆಗೆ ಜೈಲು ಇದೆ. ಮ್ಯಾಚ್ ಟಿಕೆಟ್ ವಿಷಯದಲ್ಲಿ ಇಂಥ ಯಾವ ಹಿಡಿತವೂ ಇಲ್ಲ. ದರ ಎಷ್ಟು ಬೇಕಾದರೂ ಇಡಬಹುದು. ಬ್ಲ್ಯಾಕ್‌ನಲ್ಲಿ ಮಾರುವವರನ್ನು ಹಿಡಿಯಲು ಅಂತಲೇ ಇರುವ ಕೇಂದ್ರ ಕಾನೂನೂ ಇಲ್ಲ.

ಐಪಿಎಲ್ ಬಂತೆಂದರೆ ತುಮಕೂರು ನಗರ, ಗುಬ್ಬಿ, ಕುಣಿಗಲ್ ಕಡೆಯಿಂದ ಚಿನ್ನಸ್ವಾಮಿಗೆ ಹೋಗಿಬರುವವರ ಸಂಖ್ಯೆ ಕಮ್ಮಿಯೇನಲ್ಲ. ಟಿಕೆಟ್ ಸಿಗದೆ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಪರದಾಡುವವರು ಅದಕ್ಕಿಂತ ಜಾಸ್ತಿ. ಟಿಕೆಟ್ ರೇಟು ಯಾಕೆ ಏರುತ್ತೆ, ಕೊಂಡ ಟಿಕೆಟ್ ಬೇಡವಾದರೆ ಏನು ಮಾಡಬಹುದು, ಮೋಸ ಹೋದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಸೀಟು 35 ಸಾವಿರ, ಕೇಳುವವರು ಲಕ್ಷಾಂತರ

ಚಿನ್ನಸ್ವಾಮಿ ಕ್ರೀಡಾಂಗಣದ ಸಾಮರ್ಥ್ಯ ಸುಮಾರು 35 ಸಾವಿರ. ಅಹಮದಾಬಾದಿನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ 1 ಲಕ್ಷ 32 ಸಾವಿರ ಜನ ಕೂರಬಹುದು. ಕೋಟಿಗೂ ಮೀರಿ ಜನ ಇರುವ ಬೆಂಗಳೂರು, ಸುತ್ತ ತುಮಕೂರು, ಕೋಲಾರ, ಮಂಡ್ಯ, ರಾಮನಗರದ ಅಭಿಮಾನಿಗಳು, ಇಷ್ಟೂ ಜನಕ್ಕೆ ಇರುವುದು ಊರ ಮಧ್ಯದ ಆ ಒಂದು ಸಣ್ಣ ಮೈದಾನ. ಅದರಲ್ಲೂ ಎಲ್ಲಾ ಸೀಟು ಮಾರಾಟಕ್ಕೆ ಬರುವುದಿಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆಯ ಸದಸ್ಯರು, ಸಂಸ್ಥೆಗೆ ಸೇರಿದ ಕ್ಲಬ್ಬುಗಳು, ಪ್ರಾಯೋಜಕ ಕಂಪನಿಗಳು, ಸರ್ಕಾರಿ ಇಲಾಖೆಗಳು ಅಂತ ಪಾಲು ಹೋದ ಮೇಲೆ ಉಳಿದದ್ದು ಆನ್‌ಲೈನ್‌ಗೆ ಬರುತ್ತದೆ. ಲೀಗ್ ಹಂತದಲ್ಲಿ ತಂಡವೊಂದಕ್ಕೆ 14 ಪಂದ್ಯ, ಅದರಲ್ಲಿ ತವರಿನಲ್ಲಿ ಆಡುವುದು 7 ಮಾತ್ರ.

ಐಪಿಎಲ್‌ನ ದೊಡ್ಡ ಆದಾಯ ಟಿಕೆಟ್‌ನಿಂದ ಬರುವುದಲ್ಲ. 2023ರಿಂದ 2027ರವರೆಗಿನ ಐದು ವರ್ಷದ ಪ್ರಸಾರ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಟಿಕೆಟ್ ದುಡ್ಡು ಅದರ ಮುಂದೆ ಚಿಕ್ಕದು. ಹಾಗಾಗಿ 'ಖರ್ಚು ಜಾಸ್ತಿ, ಅದಕ್ಕೆ ರೇಟು ಜಾಸ್ತಿ' ಅನ್ನುವ ವಾದ ಪೂರ್ತಿ ಒಪ್ಪುವಂಥದ್ದಲ್ಲ. ಕೊಡುವವರಿದ್ದಾರೆ, ಅದಕ್ಕೇ ಕೇಳುತ್ತಾರೆ. ಆಯುಧಪೂಜೆ ಹಿಂದಿನ ದಿನ ಸೇವಂತಿಗೆ ಮಾರಿನ ರೇಟು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2025ರಲ್ಲಿ ಆರ್‌ಸಿಬಿ ತವರು ಪಂದ್ಯದ ಅತಿ ಕಡಿಮೆ ಟಿಕೆಟ್ 2,300 ರೂಪಾಯಿ ಇತ್ತು. ಮೇಲಿನ ದರ್ಜೆಯ ಸೀಟುಗಳು 40 ಸಾವಿರ ದಾಟಿದ್ದವು. ಒಂದೇ ಸ್ಟ್ಯಾಂಡಿನ ಸೀಟಿಗೆ ಎದುರಾಳಿ ಯಾರು ಅನ್ನುವುದರ ಮೇಲೆ ದರ ಬದಲಾಗುತ್ತೆ. ಚೆನ್ನೈ ಬಂದರೆ ಒಂದು ರೇಟು, ಬೇರೆ ತಂಡ ಬಂದರೆ ಇನ್ನೊಂದು. ಗುಬ್ಬಿಯವರಿಗೆ ನಾಟಕ ಕಂಪನಿಯ ಕಾಲದ ನೆಲ, ಬೆಂಚು, ಕುರ್ಚಿ ದರ್ಜೆಗಳು ಹಿರಿಯರ ಬಾಯಲ್ಲಿ ಕೇಳಿ ಗೊತ್ತಿರುತ್ತದೆ. ದುಡ್ಡಿಲ್ಲದವನಿಗೆ ನೆಲದ ಟಿಕೆಟ್ ಅಂತ ಒಂದಿರುತ್ತಿತ್ತು. ಐಪಿಎಲ್‌ನಲ್ಲಿ ಆ ನೆಲದ ಟಿಕೆಟ್ಟೇ ಮಾಯವಾಗಿದೆ.

ತೆರಿಗೆ 28ರಿಂದ 40ಕ್ಕೆ

ರೇಟು ಏರಿದ್ದಕ್ಕೆ ತಂಡದವರನ್ನು ಮಾತ್ರ ದೂರಿದರೆ ಅರ್ಧ ಸತ್ಯ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗಿನಿಂದ ಐಪಿಎಲ್ ಟಿಕೆಟ್ ಮೇಲೆ ಶೇ 28 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಸೋಪು, ಬಿಸ್ಕತ್ತು, ಟಿವಿ, ಸಣ್ಣ ಕಾರು ಅಗ್ಗವಾದ ಅದೇ ದಿನ ಐಪಿಎಲ್ ಟಿಕೆಟ್ ದೊಡ್ಡ ಕಾರುಗಳ ಸಾಲಿಗೆ ಸೇರಿತು.

ಅಂಗಡಿ ಲೆಕ್ಕದಲ್ಲೇ ನೋಡೋಣ. ಮೂಲ ದರ 1,000 ಇದ್ದ ಟಿಕೆಟ್ ಹಿಂದೆ 1,280ಕ್ಕೆ ಸಿಗುತ್ತಿತ್ತು, ಈಗ 1,400. 2,300 ರೂಪಾಯಿ ಟಿಕೆಟ್ ತೆರಿಗೆ ಸೇರಿದ್ದು ಅಂತ ಹಿಡಿದರೆ ಮೂಲ ದರ ಸುಮಾರು 1,797. ಅದಕ್ಕೆ ಶೇ 40 ಸೇರಿಸಿದರೆ 2,516 ಆಗುತ್ತದೆ. ಅಂದರೆ ತಂಡದವರು ಒಂದು ಪೈಸೆ ಏರಿಸದಿದ್ದರೂ ಗಂಡ, ಹೆಂಡತಿ, ಇಬ್ಬರು ಮಕ್ಕಳು ಹೋದರೆ 860 ರೂಪಾಯಿಗೂ ಹೆಚ್ಚು ಬರೀ ತೆರಿಗೆ ವ್ಯತ್ಯಾಸಕ್ಕೇ ಕೊಡಬೇಕು.

ಈ ಶೇ 40 ಎಲ್ಲಾ ಪಂದ್ಯಕ್ಕೂ ಅನ್ವಯಿಸುವುದಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಮಾನ್ಯತೆ ಪಡೆದ ಕ್ರೀಡಾಕೂಟ, ಉದಾಹರಣೆಗೆ ಭಾರತ ತಂಡ ಆಡುವ ಅಂತರರಾಷ್ಟ್ರೀಯ ಪಂದ್ಯ, ಇದಕ್ಕೆ 500 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಇಲ್ಲ, 500 ದಾಟಿದರೆ ಶೇ 18. ಮಗನಿಗೆ ದೊಡ್ಡ ಮೈದಾನ ತೋರಿಸಬೇಕು ಅನ್ನುವುದಷ್ಟೇ ಆಸೆ ಇದ್ದರೆ ಟೆಸ್ಟ್ ಪಂದ್ಯದ ಕಡಿಮೆ ದರ್ಜೆಯ ಟಿಕೆಟ್ ಜೇಬಿಗೆ ಹಗುರ. ರಣಜಿ ಪಂದ್ಯಗಳಿಗೆ ಸಾಮಾನ್ಯವಾಗಿ ಟಿಕೆಟ್ಟೇ ಇರುವುದಿಲ್ಲ, ಸೀದಾ ಒಳಗೆ ಹೋಗಿ ಕೂರಬಹುದು.

ಸಿನಿಮಾ ಟಿಕೆಟ್‌ಗೆ ಕಡಿವಾಣ ಹಾಕುವ ಸರ್ಕಾರ ಕ್ರಿಕೆಟ್‌ಗೆ ಯಾಕೆ ಹಾಕಲ್ಲ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. 2025-26ರ ಬಜೆಟ್‌ನಲ್ಲಿ ಹೇಳಿದಂತೆ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಸಿನಿಮಾ ಟಿಕೆಟ್‌ಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿ ನಿಯಮ ತಂದಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಸಿನಿಮಾ ಮಂದಿರಗಳಿಗೆ ಪರವಾನಗಿ ಕಾಯ್ದೆ ಇದೆ, ಆ ದಾರಿಯಲ್ಲಿ ನಿಯಮ ತರಲು ಹೋಗಿಯೇ ಹೀಗಾಯಿತು. ಕ್ರೀಡಾ ಟಿಕೆಟ್‌ಗೆ ಅಂಥ ದರ ನಿಯಂತ್ರಣದ ಪ್ರಯತ್ನವೂ ಆಗಿಲ್ಲ.

ಹಾಗಾದರೆ ಸೀಸನ್ ಟಿಕೆಟ್ ಲಾಭವೋ ನಷ್ಟವೋ?

ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ಬುಗಳಲ್ಲಿ ಸೀಸನ್ ಟಿಕೆಟ್ ಅಪ್ಪನಿಂದ ಮಗನಿಗೆ ಬರುವ ಆಸ್ತಿಯ ಥರ. ಅಮೆರಿಕದ ಗ್ರೀನ್ ಬೇ ಪ್ಯಾಕರ್ಸ್ ಎಂಬ ಫುಟ್ಬಾಲ್ ತಂಡದ ಸೀಸನ್ ಟಿಕೆಟ್‌ಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಸರದಿಯಲ್ಲಿದ್ದಾರೆ. ಮಗು ಹುಟ್ಟಿದ ಕೂಡಲೇ ಹೆಸರು ಬರೆಸುವ ಮನೆಗಳಿವೆ. ಅಲ್ಲಿ ಟಿಕೆಟ್‌ಗೆ ಮರುಮಾರಾಟ ಬೆಲೆ ಇದೆ. ಹೋಗಲಾಗದ ಪಂದ್ಯದ ಸೀಟನ್ನು ಕ್ಲಬ್ಬಿನ ಅಧಿಕೃತ ವೆಬ್‌ಸೈಟಿನಲ್ಲೇ ಇನ್ನೊಬ್ಬರಿಗೆ ದಾಟಿಸಬಹುದು. ವರ್ಷವರ್ಷ ದರ ಏರಿದರೂ ಬಿಟ್ಟುಕೊಡಲು ಮನಸ್ಸು ಬಾರದಿರಲು ಇದೂ ಒಂದು ಕಾರಣ.

ನಮ್ಮಲ್ಲಿ ಆ ಪದ್ಧತಿ ಗಟ್ಟಿಯಾಗಿ ಬೇರು ಬಿಟ್ಟಿಲ್ಲ. ಐಪಿಎಲ್‌ನಲ್ಲಿ ಕೆಲವು ತಂಡಗಳು ಸೀಸನ್ ಪಾಸ್ ಮಾರಿದ್ದುಂಟು. ಆದರೆ ಸಾಮಾನ್ಯ ಅಭಿಮಾನಿಯ ಕೈಗೆ ಸಿಗುವುದು ಪಂದ್ಯಕ್ಕೊಂದರಂತೆ ಮಾರುವ ಟಿಕೆಟ್. ಕಂಠೀರವ ಕ್ರೀಡಾಂಗಣದಲ್ಲಿ ಆಡುವ ಬೆಂಗಳೂರು ಎಫ್‌ಸಿ ಫುಟ್ಬಾಲ್ ತಂಡ ಸೀಸನ್ ಟಿಕೆಟ್ ಮಾರಿದೆ, ಅದನ್ನು ಕೊಂಡು ಪ್ರತಿ ಪಂದ್ಯಕ್ಕೂ ಹೋಗುವ ಗಟ್ಟಿ ಅಭಿಮಾನಿ ಬಳಗವೂ ಇದೆ. ಆದರೆ 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗನ್ನೇ ತಡೆಹಿಡಿದರು. ಮಾಮೂಲಿಯಾಗಿ ಸೆಪ್ಟೆಂಬರ್ ಹೊತ್ತಿಗೆ ಶುರುವಾಗಬೇಕಿದ್ದ ಲೀಗ್ ವರ್ಷ ಮುಗಿದರೂ ಶುರುವಾಗಲಿಲ್ಲ. ಋತು ನಡೆಯುತ್ತೋ ಇಲ್ಲವೋ ಗೊತ್ತಿಲ್ಲದ ಕಡೆ ಮುಂಗಡ ದುಡ್ಡು ಕಟ್ಟುವುದು ಮಳೆ ನೋಡದೆ ಬಿತ್ತಿದ ಹಾಗೆ.

ತುಮಕೂರಿನವರಿಗೆ ಇನ್ನೊಂದು ತೊಡಕು ದೂರ. ಐಪಿಎಲ್ ಬರುವುದು ಮಾರ್ಚ್ ಕೊನೆಯಿಂದ ಮೇ ಕೊನೆವರೆಗೆ. ಅದೇ ನಮ್ಮ ಮದುವೆ, ಗೃಹಪ್ರವೇಶ, ಊರಹಬ್ಬ, ಜಾತ್ರೆಗಳ ಕಾಲ. ಬಟ್ಟೆ ಅಂಗಡಿ, ಚಿನ್ನದ ಅಂಗಡಿ, ಪಾತ್ರೆ ಅಂಗಡಿಯವರಿಗೆ ವ್ಯಾಪಾರದ ಋತು. 7 ಪಂದ್ಯದಲ್ಲಿ ಎಷ್ಟಕ್ಕೆ ಹೋಗಲಾಗುತ್ತೆ? ಮೂರಕ್ಕೆ ಹೋದರೆ ಹೆಚ್ಚು. ಉಳಿದ ನಾಲ್ಕನ್ನು ಮಾರಲೇಬೇಕಾಗುತ್ತೆ, ಮಾರುವ ಅಧಿಕೃತ ದಾರಿ ಇಲ್ಲದಿದ್ದರೆ ಅದು ದುಡ್ಡು ಕೊಟ್ಟು ತಂದ ತಲೆನೋವು. ಹಾಗಾಗಿ ಇಲ್ಲಿಂದ ಹೋಗುವವರಿಗೆ ಒಂದೆರಡು ಪಂದ್ಯ ಆರಿಸಿ ಕೊಳ್ಳುವುದೇ ಮೇಲು.

ಬ್ಲ್ಯಾಕ್ ಟಿಕೆಟ್‌ನ ನಿಜವಾದ ಬೆಲೆ

ಹಿಂದೆಲ್ಲಾ ಬ್ಲ್ಯಾಕ್ ಟಿಕೆಟ್ ಅಂದ್ರೆ ಟಾಕೀಸು ಗೇಟಿನ ಹತ್ತಿರ ಬೆರಳ ಸಂದಿಯಲ್ಲಿ ಟಿಕೆಟ್ ಮಡಚಿ ಹಿಡಿದು ಪಿಸುಗುಡುವ ಆಸಾಮಿ. ಈಗ ಅವನು ಇನ್‌ಸ್ಟಾಗ್ರಾಂ, ಟೆಲಿಗ್ರಾಂ, ವಾಟ್ಸ್ಆ್ಯಪ್‌ನಲ್ಲಿದ್ದಾನೆ. 'ಅಣ್ಣಾ, ಎರಡೇ ಉಳಿದಿವೆ, ಬೇಗ ಹೇಳಿ' ಅಂತ ಮೆಸೇಜು. ಮೊದಲು ಅರ್ಧ ದುಡ್ಡು ಹಾಕಿ ಅನ್ನುತ್ತಾನೆ. ಹಾಕಿದ ಮೇಲೆ ಫೋನ್ ಸ್ವಿಚ್ ಆಫ್.

ಪೂರ್ತಿ ಮೋಸವಲ್ಲದ, ಟಿಕೆಟ್ ನಿಜವಾಗಿಯೂ ಕೈಗೆ ಬರುವ ವ್ಯವಹಾರದಲ್ಲೂ ಎರಡು ಅಪಾಯ ಇವೆ.

ಒಂದು, ಕ್ಯೂಆರ್ ಕೋಡ್. ಮೊಬೈಲ್ ಟಿಕೆಟ್‌ನ ಸ್ಕ್ರೀನ್‌ಶಾಟ್ ಎಷ್ಟು ಜನಕ್ಕೆ ಬೇಕಾದರೂ ಕಳಿಸಬಹುದು. ಗೇಟಿನಲ್ಲಿ ಯಾರದ್ದು ಮೊದಲು ಸ್ಕ್ಯಾನ್ ಆಗುತ್ತೋ ಅವರು ಒಳಗೆ. ಆಮೇಲೆ ಬಂದವರ ಕೋಡ್ 'ಆಗಲೇ ಬಳಸಲಾಗಿದೆ' ಅಂತ ತೋರಿಸುತ್ತೆ. ಅಲ್ಲಿ ಜಗಳ ಮಾಡಿ ಪ್ರಯೋಜನವಿಲ್ಲ, ಗೇಟಿನ ಹುಡುಗನಿಗೆ ನಿಮ್ಮ ಸತ್ಯ ಗೊತ್ತಾಗುವ ದಾರಿ ಇಲ್ಲ.

ಎರಡನೆಯದು ರೀಫಂಡ್, ಇದು ಇನ್ನೂ ದೊಡ್ಡದು. 2025ರ ಮೇ 17ರ ಪಂದ್ಯ ನೆನಪಿಸಿಕೊಳ್ಳಿ. ಭಾರತ-ಪಾಕಿಸ್ತಾನ ಸಂಘರ್ಷದಿಂದ ಮೇ 9ರಂದು ನಿಂತಿದ್ದ ಐಪಿಎಲ್ ಮತ್ತೆ ಶುರುವಾದ ದಿನ ಅದು. ವಿರಾಟ್ ಕೊಹ್ಲಿ ಟೆಸ್ಟ್‌ಗೆ ವಿದಾಯ ಹೇಳಿ ಐದು ದಿನವಾಗಿತ್ತು, ಅಭಿಮಾನಿಗಳು ಬಿಳಿ ಜೆರ್ಸಿ ಹಾಕಿಕೊಂಡು ಬಂದಿದ್ದರು. ಮಳೆ ಬಿಡಲೇ ಇಲ್ಲ. ಕೋಲ್ಕತ್ತ ವಿರುದ್ಧದ ಆ ಪಂದ್ಯ ಒಂದೂ ಎಸೆತ ಕಾಣದೆ ರದ್ದಾಯಿತು. ಮುಂದಿನ ತವರು ಪಂದ್ಯ, ಹೈದರಾಬಾದ್ ವಿರುದ್ಧದ್ದು, ಮಳೆ ಮುನ್ಸೂಚನೆ ಕಾರಣಕ್ಕೆ ಲಖನೌಗೆ ಹೋಯಿತು. ಮೇ 17ರ ಟಿಕೆಟ್ ದುಡ್ಡನ್ನು ತಂಡ ವಾಪಸ್ ಕೊಡುವುದಾಗಿ ಪ್ರಕಟಿಸಿತು. ಡಿಜಿಟಲ್ ಟಿಕೆಟ್‌ನ ದುಡ್ಡು ಹೋಗುವುದು ಯಾವ ಖಾತೆಯಿಂದ ಬುಕ್ ಆಗಿತ್ತೋ ಅದೇ ಖಾತೆಗೆ.

ಈಗ ಲೆಕ್ಕ ಹಾಕಿ. 2,300ರ ಟಿಕೆಟನ್ನು ಬ್ಲ್ಯಾಕ್‌ನಲ್ಲಿ 7,000 ಕೊಟ್ಟು ಒಬ್ಬರು ತಂದಿದ್ದಾರೆ ಅಂತ ಇಟ್ಟುಕೊಳ್ಳಿ. ಪಂದ್ಯ ರದ್ದಾದರೆ 2,300 ವಾಪಸ್ ಹೋಗುವುದು ಮಾರಿದವನಿಗೆ. ಅವನಿಗೆ ಮೊದಲೇ 4,700 ಲಾಭ, ಈಗ ಅಸಲೂ ಕೈಸೇರಿತು. ಕೊಂಡವರಿಗೆ ಮಳೆಯಲ್ಲಿ ನೆನೆದದ್ದಷ್ಟೇ ಉಳಿಯಿತು. ಬ್ಲ್ಯಾಕ್ ಟಿಕೆಟ್‌ಗೆ ಬೆಲೆ ಇರುವುದು ಮೊದಲ ಚೆಂಡು ಬೀಳುತ್ತೆ ಅನ್ನುವ ನಂಬಿಕೆ ಮೇಲೆ ಮಾತ್ರ.

ಗುಬ್ಬಿ, ಕುಣಿಗಲ್ ಕಡೆ ಇದರದ್ದೇ ಇನ್ನೊಂದು ರೂಪವಿದೆ. ಸ್ವಂತ ಕಾರ್ಡ್ ಇಲ್ಲದವರು, ಆ್ಯಪ್ ಬಳಸಲು ಬಾರದವರು ಸೈಬರ್ ಸೆಂಟರ್ ಅಥವಾ ಮೊಬೈಲ್ ಅಂಗಡಿಯಲ್ಲಿ ಬುಕ್ ಮಾಡಿಸುತ್ತಾರೆ. ಅಂಗಡಿಯವರು ತಮ್ಮ ಯುಪಿಐನಿಂದ ಕಟ್ಟಿ, ಸ್ವಲ್ಪ ಸರ್ವಿಸ್ ಚಾರ್ಜ್ ಸೇರಿಸಿ ನಗದು ತೆಗೆದುಕೊಳ್ಳುತ್ತಾರೆ. ಇದರಲ್ಲಿ ತಪ್ಪೇನಿಲ್ಲ. ಆದರೆ ರೀಫಂಡ್ ಬಂದರೆ ಅಂಗಡಿಯವರ ಖಾತೆಗೇ ಬರುತ್ತೆ, ವಾರ ಹತ್ತು ದಿನ ತಡವಾಗಿ, ನೂರಾರು ವಹಿವಾಟಿನ ಮಧ್ಯೆ. ಗ್ರಾಹಕ ಕೇಳೋದನ್ನೇ ಮರೆತರೆ ಇಬ್ಬರಿಗೂ ಕಿರಿಕಿರಿ. ಅಂಗಡಿಯವರು ಒಂದು ಪುಸ್ತಕದಲ್ಲಿ ಪಂದ್ಯದ ದಿನಾಂಕ, ಗ್ರಾಹಕರ ಹೆಸರು, ಬುಕಿಂಗ್ ನಂಬರ್ ಬರೆದಿಟ್ಟುಕೊಂಡರೆ ಮಾತು ಬರುವುದಿಲ್ಲ. ಸಾಧ್ಯವಿದ್ದರೆ ಗ್ರಾಹಕರ ಫೋನ್ ನಂಬರಿಗೇ, ಅವರ ಯುಪಿಐನಿಂದಲೇ ಬುಕ್ ಮಾಡಿಸಿ.

ನಾನು ಮಾರಿದರೆ ಅಪರಾಧವಾ?

ಮನೆಯಲ್ಲಿ ದಿಢೀರ್ ಕಾರ್ಯಕ್ರಮ ಬಂತು, ಮಗುವಿಗೆ ಜ್ವರ ಬಂತು, ಟಿಕೆಟ್ ಇದೆ, ಹೋಗಲಾಗುತ್ತಿಲ್ಲ. ಕೊಂಡ ಬೆಲೆಗೇ ಪರಿಚಯದವರಿಗೆ ಕೊಟ್ಟರೆ ಯಾರೂ ನಿಮ್ಮನ್ನು ಕಳ್ಳರಂತೆ ನೋಡುವುದಿಲ್ಲ. ಆದರೆ ಟಿಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವ ಷರತ್ತನ್ನು ಓದಿ. ಮರುಮಾರಾಟ ನಿಷೇಧ ಅಂತ ಇದ್ದರೆ ಸಂಘಟಕರು ಆ ಟಿಕೆಟ್ ರದ್ದು ಮಾಡಬಹುದು. ಆ್ಯಪ್‌ನಲ್ಲಿ ಇನ್ನೊಬ್ಬರಿಗೆ ವರ್ಗಾಯಿಸುವ ಆಯ್ಕೆ ಕೊಟ್ಟಿದ್ದರೆ ಅದನ್ನೇ ಬಳಸಿ. ಸ್ಕ್ರೀನ್‌ಶಾಟ್ ಕಳಿಸಬೇಡಿ. ಬುಕ್ ಆಗಿರುವುದು ನಿಮ್ಮ ಹೆಸರಿನಲ್ಲಿ, ಅಲ್ಲಿ ಹೋಗಿ ಯಾರೋ ಗಲಾಟೆ ಮಾಡಿದರೆ ಮೊದಲು ಫೋನ್ ಬರುವುದು ನಿಮಗೆ.

ಲಾಭಕ್ಕಾಗಿ ಹತ್ತಾರು ಟಿಕೆಟ್ ಕೂಡಿಟ್ಟು ಮಾರುವುದು ಬೇರೆ ಮಾತು. ಇಂಥವರನ್ನು ಬೆಂಗಳೂರಿನ ಸಿಸಿಬಿ ಪೊಲೀಸರು ಐಪಿಎಲ್ ಸಮಯದಲ್ಲಿ ಚಿನ್ನಸ್ವಾಮಿ ಸುತ್ತಮುತ್ತ ಹಿಡಿದು ಕೇಸು ಹಾಕುತ್ತಾ ಬಂದಿದ್ದಾರೆ. ನಕಲಿ ಟಿಕೆಟ್ ಮಾರಿದರೆ, ದುಡ್ಡು ಪಡೆದು ಟಿಕೆಟ್ ಕೊಡದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಪ್ರಕಾರ ವಂಚನೆ, ಹಳೆ 420 ಅಂದರೆ ಎಲ್ಲರಿಗೂ ಬೇಗ ಅರ್ಥವಾಗುತ್ತೆ. ಹೆಚ್ಚಿನ ಬೆಲೆಗೆ ಮಾರಿದ್ದನ್ನೇ ನೇರ ಹಿಡಿಯುವ ಕೇಂದ್ರ ಕಾನೂನು ಮಾತ್ರ ಇಲ್ಲ. ಕೋಲ್ಡ್‌ಪ್ಲೇ ಸಂಗೀತ ಕಾರ್ಯಕ್ರಮದ ಟಿಕೆಟ್ ಬ್ಲ್ಯಾಕ್‌ನಲ್ಲಿ ಲಕ್ಷ ಮುಟ್ಟಿದಾಗ ಬಾಂಬೆ ಹೈಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಗಿತ್ತು. 2025ರ ಜನವರಿಯಲ್ಲಿ ಕೋರ್ಟ್ ಅದನ್ನು ವಜಾ ಮಾಡಿ, ಕಾನೂನು ಮಾಡುವುದು ಶಾಸಕಾಂಗದ ಕೆಲಸ ಎಂದಿತು. ಇಂಗ್ಲೆಂಡಿನಲ್ಲಿ ಫುಟ್ಬಾಲ್ ಟಿಕೆಟನ್ನು ಅನುಮತಿ ಇಲ್ಲದೆ ಮರುಮಾರಾಟ ಮಾಡುವುದು 1994ರಿಂದಲೇ ಅಪರಾಧ. 2025ರ ನವೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ಇನ್ನೂ ಮುಂದೆ ಹೋಗಿ, ಸಂಗೀತ ಕಾರ್ಯಕ್ರಮ ಸೇರಿ ಎಲ್ಲಾ ಟಿಕೆಟ್‌ಗಳನ್ನೂ ಮೂಲ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡುವುದನ್ನು ನಿಷೇಧಿಸುವುದಾಗಿ ಪ್ರಕಟಿಸಿತು. ಅಮೆರಿಕ, ಕೆನಡಾ, ಮೆಕ್ಸಿಕೊದಲ್ಲಿ 2026ರ ಫುಟ್ಬಾಲ್ ವಿಶ್ವಕಪ್‌ಗೆ ಫಿಫಾ ತಾನೇ ಮರುಮಾರಾಟದ ಕಟ್ಟೆ ತೆರೆದು, ಮಾರುವವರಿಂದ ಶೇ 15, ಕೊಳ್ಳುವವರಿಂದ ಶೇ 15 ಕಮಿಷನ್ ಇಟ್ಟಿತು. ಎಪಿಎಂಸಿ ದಲ್ಲಾಳಿಗಳೂ ನಾಚಬೇಕು.

ಮೂಲ ಬೆಲೆಗೆ, ಅಧಿಕೃತ ಆ್ಯಪ್‌ನಲ್ಲೇ ಟಿಕೆಟ್ ವಾಪಸ್ ಮಾಡುವ ಒಂದು ದಾರಿ ಐಪಿಎಲ್ ತಂಡಗಳು ಮಾಡಿಕೊಟ್ಟರೆ ಬ್ಲ್ಯಾಕ್ ದಂಧೆಯ ಅರ್ಧ ಗಾಳಿ ಹೋಗುತ್ತೆ ಎಂಬುದು ನಮ್ಮ ಅಭಿಪ್ರಾಯ. ರೈಲಿನಲ್ಲಿ ಕ್ಯಾನ್ಸಲ್ ಮಾಡಿದರೆ ವೇಟಿಂಗ್ ಲಿಸ್ಟ್‌ನವರಿಗೆ ಸೀಟು ಹೋಗುತ್ತೆ. ಮೈದಾನದಲ್ಲಿ ಯಾಕಾಗಬಾರದು?

ಡೀಲರ್ ಪಾಸ್ ಬಂದಿದೆಯಾ?

ಸಿಮೆಂಟ್, ಪೇಂಟ್, ಟೈರ್, ಗೊಬ್ಬರ, ಮೊಬೈಲ್ ಕಂಪನಿಗಳು ಟಾರ್ಗೆಟ್ ಮುಟ್ಟಿದ ಡೀಲರ್‌ಗಳಿಗೆ ಪಂದ್ಯದ ಪಾಸ್ ಕೊಡುವುದುಂಟು. ಇಂಥ ಕಾಂಪ್ಲಿಮೆಂಟರಿ ಪಾಸ್ ಮೇಲೆ ಮಾರಾಟಕ್ಕಲ್ಲ ಅಂತ ಮುದ್ರಿಸಿರುವುದೇ ಹೆಚ್ಚು. ಅದನ್ನು ಮಾರಿ ಸಿಕ್ಕಿಬಿದ್ದರೆ ಪಾಸ್ ಹೋಗುವುದಲ್ಲದೆ ಕಂಪನಿ ಜೊತೆಗಿನ ಸಂಬಂಧವೂ ಕೆಡುತ್ತದೆ. ಹೋಗಲಾಗದಿದ್ದರೆ ಅಂಗಡಿಯಲ್ಲಿ ದುಡಿಯುವ ಹುಡುಗರಿಗೆ ಕೊಟ್ಟು ಕಳಿಸಿ, ವರ್ಷವಿಡೀ ನೆನೆಯುತ್ತಾರೆ.

ಜೂನ್ 4ರ ನೆನಪು

ಟಿಕೆಟ್ ಬೆಲೆಯ ಮಾತಾಡುವಾಗ 2025ರ ಜೂನ್ 4ನ್ನು ಬಿಟ್ಟು ಮುಂದೆ ಹೋಗಲಾಗದು. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ 6 ರನ್‌ಗಳಿಂದ ಗೆದ್ದು ಆರ್‌ಸಿಬಿ 18 ವರ್ಷದ ಕಾಯುವಿಕೆ ಮುಗಿಸಿತು. ಮರುದಿನ ಚಿನ್ನಸ್ವಾಮಿಯಲ್ಲಿ ವಿಜಯೋತ್ಸವ. 35 ಸಾವಿರ ಸಾಮರ್ಥ್ಯದ ಜಾಗಕ್ಕೆ 2ರಿಂದ 3 ಲಕ್ಷ ಜನ ಸೇರಿದ್ದರು ಅಂತ ಮುಖ್ಯಮಂತ್ರಿಯೇ ಹೇಳಿದರು. ಸೀಮಿತ ಉಚಿತ ಪಾಸ್ ವೆಬ್‌ಸೈಟಿನಲ್ಲಿ ಸಿಗುತ್ತೆ ಎಂಬ ಪ್ರಕಟಣೆ ಹೊರಬಿದ್ದದ್ದು ಮಧ್ಯಾಹ್ನ 3 ಗಂಟೆ ದಾಟಿದ ಮೇಲೆ, ಆಗಲೇ ಜನ ಗೇಟುಗಳ ಮುಂದಿದ್ದರು. ಕಾಲ್ತುಳಿತದಲ್ಲಿ 11 ಜನ ಸತ್ತರು, ಬಹುತೇಕರು ಚಿಕ್ಕ ವಯಸ್ಸಿನವರು.

ಕಾರಣಗಳ ತನಿಖೆ ಮಾಡಿದ ನ್ಯಾಯಮೂರ್ತಿ ಜಾನ್ ಮೈಕಲ್ ಡಿ'ಕುನ್ಹಾ ಆಯೋಗ, ಈ ಮೈದಾನ ಭಾರಿ ಜನ ಸೇರುವ ಕಾರ್ಯಕ್ರಮಕ್ಕೆ ಸುರಕ್ಷಿತವಲ್ಲ ಎಂದಿತು. ಮಹಿಳಾ ವಿಶ್ವಕಪ್‌ನ ಬೆಂಗಳೂರು ಪಂದ್ಯಗಳು ನವಿ ಮುಂಬೈಗೆ ಹೋದವು. 100 ರೂಪಾಯಿಂದ ಟಿಕೆಟ್ ಶುರುವಾಗಿದ್ದ ಆ ಟೂರ್ನಿಯನ್ನು ಮನೆ ಹತ್ತಿರ ನೋಡುವ ಅವಕಾಶ ನಮ್ಮ ಹೆಣ್ಣುಮಕ್ಕಳ ಕೈತಪ್ಪಿತು.

2,300 ಕೊಡಲಾಗದೆ ಇಡೀ ಋತು ಟಿವಿ ಮುಂದೆ ಕೂತವರಲ್ಲಿ ಎಷ್ಟೋ ಜನ ಅಂದು 'ಬಿಟ್ಟಿ ಒಳಗೆ ಬಿಡ್ತಾರಂತೆ' ಅಂತ ಬಸ್ಸು, ರೈಲು ಹತ್ತಿದ್ದರು. ಉಚಿತ ಪ್ರವೇಶ ಎಂಬ ಸುದ್ದಿ ಕೇಳಿದರೆ ಪಾಸ್ ಫೋನಿನಲ್ಲಿ ಕಾಣದೆ ಊರು ಬಿಡಬೇಡಿ. ಮಕ್ಕಳಿಗೂ ಹೇಳಿ.

ಹೊಸ ಮೈದಾನ ಬಂದರೆ?

ಸೀಟು ಹೆಚ್ಚಾದರೆ ಬ್ಲ್ಯಾಕ್ ಇಳಿಯುತ್ತೆ, ಇದು ಸರಳ ಲೆಕ್ಕ. ಬೊಮ್ಮಸಂದ್ರದಲ್ಲಿ 80 ಸಾವಿರ ಸಾಮರ್ಥ್ಯದ ಕ್ರೀಡಾಂಗಣಕ್ಕೆ ರಾಜ್ಯ ಸರ್ಕಾರ 2025ರಲ್ಲಿ ಒಪ್ಪಿಗೆ ಕೊಟ್ಟಿದೆ. ಆದರೆ ಅದು ಬೆಂಗಳೂರಿನ ಆ ತುದಿ, ಹೊಸೂರು ರಸ್ತೆಯಲ್ಲಿ. ತುಮಕೂರಿನವರು ಇಡೀ ಬೆಂಗಳೂರು ದಾಟಬೇಕು. ನಮಗೆ ಹತ್ತಿರದ ಆಸೆ ಅಂದರೆ ಸೋರೆಕುಂಟೆ. 2024ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ತುಮಕೂರು ಸಮೀಪದ ಈ ಜಾಗದಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಕ್ರೀಡಾಂಗಣಕ್ಕೆ ಶಂಕುಸ್ಥಾಪನೆ ಮಾಡಿದ್ದಾರೆ. ಕಲ್ಲು ಹಾಕಿದ್ದು ಮೈದಾನ ಆಗುವವರೆಗೂ ಕಾಯಬೇಕು, ಆದರೂ ಆ ಕಡೆ ಸೈಟಿನ ರೇಟು ಕೇಳುವವರು ಈಗಲೇ ಶುರುವಾಗಿದ್ದಾರೆ ಅನ್ನಿ.

ಕುಣಿಗಲ್‌ಗೂ ಆರ್‌ಸಿಬಿಗೂ ಹಳೆಯ ನಂಟು ಒಂದಿದೆ. 2008ರಲ್ಲಿ 11.16 ಕೋಟಿ ಡಾಲರ್‌ಗೆ ತಂಡ ಕೊಂಡ ವಿಜಯ್ ಮಲ್ಯ ಅವರ ಕಂಪನಿಯೇ 1992ರಲ್ಲಿ ಕುಣಿಗಲ್ ಕುದುರೆ ಫಾರಂ ಅನ್ನು ಗುತ್ತಿಗೆಗೆ ಪಡೆದಿತ್ತು. ತಂಡ ಆಮೇಲೆ ಡಿಯಾಜಿಯೊ ಒಡೆತನದ ಯುನೈಟೆಡ್ ಸ್ಪಿರಿಟ್ಸ್ ಪಾಲಾಯಿತು. 2025ರ ನವೆಂಬರ್‌ನಲ್ಲಿ ಆ ಕಂಪನಿಯೂ ತಂಡದ ಮಾರಾಟದ ದಾರಿ ನೋಡುತ್ತಿರುವುದಾಗಿ ತಿಳಿಸಿತು. ದುಬಾರಿ ಕೊಟ್ಟು ಕೊಂಡ ಯಾವ ಮಾಲೀಕನೂ ಟಿಕೆಟ್ ಇಳಿಸುವ ಆಸೆ ಇಟ್ಟುಕೊಳ್ಳಬೇಡಿ.

ಹೋಗಿಬರುವ ಖರ್ಚು

ರಾತ್ರಿ 7.30ಕ್ಕೆ ಶುರುವಾಗುವ ಪಂದ್ಯ ಮುಗಿಯುವಾಗ 11 ದಾಟಿರುತ್ತದೆ. ಸ್ವಂತ ಗಾಡಿಯಲ್ಲಿ ಕಬ್ಬನ್ ಪಾರ್ಕ್‌ವರೆಗೆ ಹೋಗುವುದು ಸಾಹಸ, ಪಾರ್ಕಿಂಗ್ ಹುಡುಕುವಾಗಲೇ ಪವರ್‌ಪ್ಲೇ ಮುಗಿದಿರುತ್ತೆ. 2024ರ ನವೆಂಬರ್‌ನಿಂದ ಮೆಟ್ರೊ ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ. ಬಸ್ಸಿನಲ್ಲಿ ಅಲ್ಲಿ ಇಳಿದು, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಮೈದಾನ ನಡೆದೇ ಹೋಗುವ ದೂರ. ಪಂದ್ಯದ ದಿನ ಮೆಟ್ರೊ ಕೊನೆ ರೈಲಿನ ವೇಳೆ ವಿಸ್ತರಿಸುವುದು ವಾಡಿಕೆ, ಆದರೆ ಆಯಾ ದಿನದ ಪ್ರಕಟಣೆ ನೋಡಿಕೊಳ್ಳಿ. 2025ರ ಜನವರಿಯಲ್ಲಿ ಸಾರಿಗೆ ಬಸ್ ದರ ಶೇ 15, ಫೆಬ್ರುವರಿಯಲ್ಲಿ ಮೆಟ್ರೊ ದರವೂ ಏರಿದೆ, ಗರಿಷ್ಠ ದರ 60 ಇದ್ದದ್ದು 90 ಆಯಿತು. ಇದನ್ನೂ ಟಿಕೆಟ್ ಬೆಲೆಗೆ ಸೇರಿಸಿಕೊಂಡೇ ಲೆಕ್ಕ ಹಾಕಬೇಕು.

ವಾಪಸ್ ಬರಲು ಗೊರಗುಂಟೆಪಾಳ್ಯದಲ್ಲಿ ರಾತ್ರಿಯಿಡೀ ಬಸ್ ಸಿಗುತ್ತವೆ. ಶಿವಮೊಗ್ಗ, ದಾವಣಗೆರೆ ಕಡೆ ಹೋಗುವ ಬಸ್ಸುಗಳು ತುಮಕೂರಿಗೆ, ಹಾಸನ, ಮಂಗಳೂರು ಕಡೆಯವು ಕುಣಿಗಲ್‌ಗೆ ಆಗುತ್ತವೆ. ಬೈಪಾಸ್‌ನಲ್ಲಿ ಇಳಿಸುತ್ತಾರೋ ಊರೊಳಗೆ ಬರುತ್ತಾರೋ ಹತ್ತುವ ಮೊದಲೇ ಕಂಡಕ್ಟರ್ ಹತ್ತಿರ ಕೇಳಿ. ಗುಬ್ಬಿಯವರು ತುಮಕೂರಿನಲ್ಲಿ ಬೈಕ್ ನಿಲ್ಲಿಸಿ ಹೋಗುವುದು ಅನುಕೂಲ.

ಮೋಸ ಹೋದರೆ

ದುಡ್ಡು ಹೋದ ಕೂಡಲೇ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ ಇದು. ಬೇಗ ಹೇಳಿದಷ್ಟೂ ಆ ದುಡ್ಡು ಕೈಬದಲಾಗುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಖಾತೆ ಖಾಲಿಯಾಗಿರುತ್ತೆ. ಯುಪಿಐ ವಹಿವಾಟಿನ ನಂಬರ್, ಚಾಟ್ ಮತ್ತು ಪ್ರೊಫೈಲಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಅವನು ಮೆಸೇಜ್ ಡಿಲೀಟ್ ಮಾಡುವ ಮೊದಲೇ.

ಅಧಿಕೃತ ಮಾರಾಟಗಾರರಿಂದಲೇ ತೊಂದರೆಯಾದರೆ, ಅಂದರೆ ರೀಫಂಡ್ ಬಾರದಿದ್ದರೆ, ಕೊನೇ ಪುಟದಲ್ಲಿ ಹೇಳದೇ ಕೇಳದೇ ಶುಲ್ಕ ಸೇರಿಸಿದ್ದರೆ, ಗ್ರಾಹಕರ ಸಹಾಯವಾಣಿ 1915. ಹೀಗೆ ಹಂತಹಂತವಾಗಿ ಬೆಲೆ ಏರಿಸುವುದನ್ನು ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿ ನಿಷೇಧಿಸಿದೆ. ಅಲ್ಲೂ ಆಗದಿದ್ದರೆ ಗ್ರಾಹಕರ ಆಯೋಗ. ಕಂಪನಿ ಬೆಂಗಳೂರಿನಲ್ಲಿದೆ, ಅಲ್ಲಿಗೇ ಅಲೆಯಬೇಕು ಅಂದುಕೊಳ್ಳಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಗುಬ್ಬಿ, ಕುಣಿಗಲ್‌ನವರಿಗೆ ತುಮಕೂರಿನ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕವೂ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಲೂ ಇಲ್ಲ. ಬುಕಿಂಗ್ ಮಾಡಿದಾಗ ಬಂದ ಇ-ಮೇಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಗೆ ನೀವು ಬರೆದ ದೂರಿನ ಪ್ರತಿ ಇವಿಷ್ಟು ಜೊತೆಗಿರಲಿ. ಬ್ಲ್ಯಾಕ್‌ನಲ್ಲಿ ಕೊಂಡವರಿಗೆ ಇವುಗಳಲ್ಲಿ ಒಂದೂ ಅವರ ಹೆಸರಿನಲ್ಲಿ ಇರುವುದಿಲ್ಲ.